ಬಿಸಿನೆಸ್ ವೀಸಾದಲ್ಲಿ ಚೀನಾಕ್ಕೆ ಹೋಗಿ ಪಾಠ ಮಾಡಬಹುದಾ?

ನೀವು ಸಾಗರದವರು, ಬಿ.ಎಡ್ ಆಗಿದೆ. ಚೀನಾದಲ್ಲಿ ಇಂಗ್ಲಿಷ್ ಕಲಿಸೋ ಕೆಲಸ ಇದೆ, 'ಎಂ' ವೀಸಾದಲ್ಲಿ ಹೋಗಿ ಆಮೇಲೆ ಬದಲಿಸಿಕೊಳ್ಳಿ ಅಂತ ಏಜೆಂಟ್ ಹೇಳಿದ್ದಾನೆ, ಅಲ್ವಾ? ಹೋಗಬೇಡಿ.

'ಎಂ' ಇರುವುದು ವ್ಯಾಪಾರದ ಭೇಟಿಗೆ. ಸಂಬಳದ ಕೆಲಸಕ್ಕೆ ಬೇಕಾದದ್ದು 'ಝಡ್' ವೀಸಾ. ಮೊದಲು ಶಾಲೆಯವರು ಅಲ್ಲಿ ಕೆಲಸದ ಅನುಮತಿ ತೆಗೆಯಬೇಕು, ಆ ಪತ್ರ ಹಿಡಿದು ನೀವು ಇಲ್ಲಿ ವೀಸಾ ಕೇಳಬೇಕು. ಅಲ್ಲಿಗೆ ಇಳಿದ 30 ದಿನದೊಳಗೆ ವಾಸದ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಅನುಮತಿ ಇಲ್ಲದೆ ಪಾಠ ಮಾಡಿ ಸಿಕ್ಕಿಬಿದ್ದರೆ 5,000ದಿಂದ 20,000 ಯುವಾನ್ ದಂಡ. ಪ್ರಕರಣ ಗಂಭೀರವಾದರೆ 5ರಿಂದ 15 ದಿನ ಲಾಕಪ್ಪೂ ಉಂಟು, ಗಡೀಪಾರೂ ಆಗಬಹುದು. ಶಾಲೆಗೂ ದಂಡ ಬೀಳುತ್ತೆ ನಿಜ, ಆದರೆ ಊರಿಗೆ ವಾಪಸ್ ಬರೋದು ನೀವು.

ಇನ್ನೊಂದು ತೊಡಕನ್ನು ಏಜೆಂಟರು ಬಾಯಿಬಿಡುವುದಿಲ್ಲ. ಭಾಷಾ ಶಿಕ್ಷಕರು ಆ ಭಾಷೆ ಮಾತೃಭಾಷೆಯಾದ ದೇಶದವರೇ ಆಗಿರಬೇಕು ಅನ್ನೋದು ಅಲ್ಲಿನ ಸಾಮಾನ್ಯ ನಿಯಮ. ಹಾಗಾಗಿ ಭಾರತದ ಪಾಸ್‌ಪೋರ್ಟ್‌ಗೆ ಇಂಗ್ಲಿಷ್ ಮೇಷ್ಟ್ರ ಅನುಮತಿ ಸಿಗೋದು ಕಷ್ಟ. 'ಬಿಸಿನೆಸ್ ವೀಸಾ' ಕಥೆ ಹುಟ್ಟೋದೇ ಇಲ್ಲಿಂದ ಅಂತ ನನ್ನ ಅಂದಾಜು. ಗಣಿತ, ವಿಜ್ಞಾನ ಕಲಿಸೋರಿಗೆ ಈ ಅಡ್ಡಿ ಇಲ್ಲ.

ವಿದೇಶದ ಕೆಲಸಕ್ಕೆ ಕಳಿಸೋ ಏಜೆಂಟರು ನೋಂದಾಯಿಸಿಕೊಳ್ಳೋ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನಿಮ್ಮ ಏಜೆಂಟ್ ಹೆಸರಿದೆಯಾ ನೋಡಿ. ನೋಂದಾಯಿತರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕಿಂತ ಜಾಸ್ತಿ ಕೇಳಿದರೆ ಎದ್ದು ಬನ್ನಿ. ಅಡಿಕೆ ಮಾರಿದ ದುಡ್ಡನ್ನು ಸುಮ್ನೆ ಅವನ ಕೈಗೆ ಹಾಕಬೇಡಿ. ಮೂಲ ಅಂಕಪಟ್ಟಿಗಳನ್ನೂ ಅಷ್ಟೇ.