ಎಚ್.ಡಿ. ಕೋಟೆ ಯಾರ ಊರು?

ಮೈಸೂರು ಜಿಲ್ಲೆಗೂ ಗಡಿಯುಂಟೇ ಎಂದು ಕೇಳುವವರು ಬಹಳ. ಉಂಟು. ನಮ್ಮ ತಾಲ್ಲೂಕು ಪಟ್ಟಣ ಎಚ್.ಡಿ. ಕೋಟೆಯಿಂದ ಹ್ಯಾಂಡ್‌ಪೋಸ್ಟ್, ಅಂತರಸಂತೆ ದಾಟಿ ಕಾಡು ಹೊಕ್ಕರೆ ಬಾವಲಿ. ಅದರಾಚೆ ಕೇರಳದ ವಯನಾಡು. ನಾಗರಹೊಳೆ ಕಾಡಿನ ಆ ರಸ್ತೆ ಸಂಜೆ 6ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಪ್ರಾಣಿಗಳಿಗಾಗಿ ಮಾಡಿದ ನಿಯಮ, ನನಗೆ ತಕರಾರಿಲ್ಲ. ಆದರೆ ಗಡಿಯಾಚೆಗಿನ ನಮ್ಮ ವ್ಯವಹಾರವೆಲ್ಲ ಆ ಹೊತ್ತಿನೊಳಗೇ ಮುಗಿಯಬೇಕು.

ಸೊರಗಿದ ಪಟ್ಟಣವನ್ನು ಮೇಲೆತ್ತಲು ನಿವಾಸಿಗಳನ್ನೇ ಕೂರಿಸಿಕೊಂಡು ಯೋಜನೆ ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ಖಂಡಿತ ಮಾಡಬೇಕು. ಆದರೆ ಇಲ್ಲಿ ನಿವಾಸಿ ಎಂದರೆ ಯಾರು?

ಪಟ್ಟಣದ ಮತದಾರರ ಪಟ್ಟಿ ಹಿಡಿದು ಹೊರಟರೆ ಪೇಟೆಯನ್ನು ಬದುಕಿಸುವ ಅರ್ಧ ಜನ ಸಿಗುವುದಿಲ್ಲ. ಹತ್ತಿ, ಹೊಗೆಸೊಪ್ಪು ಬೆಳೆಯುವ ರೈತರು ಸುತ್ತಲಿನ ಹಳ್ಳಿಗಳವರು. ಹೊಲ ಗುತ್ತಿಗೆಗೆ ಹಿಡಿದು ಶುಂಠಿ ಹಾಕುವವರಲ್ಲಿ ಬಹುಮಂದಿ ಮಲಯಾಳಿಗಳು. ಗೊಬ್ಬರ, ಡೀಸೆಲ್, ಕೂಲಿ ಎಂದು ದುಡ್ಡು ಚೆಲ್ಲುವುದು ಇಲ್ಲೇ, ಅವರ ಮತ ಮಾತ್ರ ಇನ್ನೆಲ್ಲೋ. ಬುಡಕಟ್ಟಿನವರಾದ ಜೇನುಕುರುಬರು, ಬೆಟ್ಟಕುರುಬರು ಹಾಡಿಗಳೆಂಬ ತಮ್ಮ ಸಣ್ಣ ಊರುಗಳಿಂದ ಬಂದು ಅಕ್ಕಿ, ಔಷಧಿ ಕೊಳ್ಳುತ್ತಾರೆ. ಕಾಫಿ ಕೊಯ್ಲಿನ ಹೊತ್ತಿಗೆ ಕೊಡಗಿಗೆ ಹೋಗಿಬಿಡುತ್ತಾರೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬೇರೆಡೆ ನೆಲೆ ಹುಡುಕಿಕೊಂಡವರ ಮಕ್ಕಳೂ ಈ ಪೇಟೆಗೇ ಬರುತ್ತಾರೆ. ಇನ್ನು ಕಾರಾಪುರದ ಕಡೆಯ ರೆಸಾರ್ಟ್‌ಗಳಿಗೆ ಹೋಗುವ ಕಾರುಗಳು ಎಚ್.ಡಿ. ಕೋಟೆಯಲ್ಲಿ ಒಂದು ಕಾಫಿಗೂ ನಿಲ್ಲುವುದು ಅಪರೂಪ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳ ಸೀಮೆ ನಮ್ಮದು. ಹಿಂದುಳಿದ ತಾಲ್ಲೂಕು ಎಂಬ ಹೆಸರು ಮಾತ್ರ ಇನ್ನೂ ತೊಳೆದುಹೋಗಿಲ್ಲ.

ಕಾನೂನಿನ ನೆರವೂ ಅಷ್ಟಕ್ಕಷ್ಟೆ. ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ ವಾರ್ಡ್ ಸಮಿತಿ ಕಡ್ಡಾಯವಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ. ನಮ್ಮಂಥ ಸಣ್ಣ ಪಟ್ಟಣ ಅದರ ಸಮೀಪಕ್ಕೂ ಸುಳಿಯದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಮಾಸ್ಟರ್ ಪ್ಲ್ಯಾನ್ ಮಾಡುವಾಗ ಕರಡು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು ಎನ್ನುತ್ತದೆ. ಎಲ್ಲ ತೀರ್ಮಾನವಾದ ಮೇಲೆ ಆಕ್ಷೇಪಣೆ ಬರೆದುಕೊಡಿ ಎಂದರೆ ಅರ್ಜಿ ಬರೆಯಲು ಬಲ್ಲವರಷ್ಟೇ ಸಾರ್ವಜನಿಕರಾಗುತ್ತಾರೆ.

ಗಡಿಯವರಾದ್ದರಿಂದ ನಾವು ಪಕ್ಕದ ಮನೆಯನ್ನೂ ನೋಡುತ್ತೇವೆ. ಕೇರಳದವರು 1996ರಲ್ಲಿ ಜನಕೀಯಾಸೂತ್ರಣ ಎಂಬ ಜನಯೋಜನಾ ಆಂದೋಲನ ಶುರು ಮಾಡಿದರು. ರಾಜ್ಯದ ಯೋಜನಾ ಹಣದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೇ ಬಿಡುವುದಾಗಿ ಮೊದಲೇ ಹೇಳಿ, ಆಮೇಲೆ ಗ್ರಾಮಸಭೆಗಳಲ್ಲಿ ಜನರನ್ನು ಕೂರಿಸಿದರು. ಅಲ್ಲಿಯೂ ಉತ್ಸಾಹ ಬರಬರುತ್ತಾ ಇಳಿಯಿತು, ಪಕ್ಷ ರಾಜಕೀಯ ನುಗ್ಗಿತು. ಆದರೂ ಆ ಕ್ರಮ ನನಗೆ ಹಿಡಿಸುತ್ತದೆ. ನಮ್ಮಲ್ಲಿ ಮೊದಲು ಬೇಡಿಕೆ ಬರೆಸಿಕೊಳ್ಳುತ್ತಾರೆ, ಕೊನೆಗೆ ಅನುದಾನವಿಲ್ಲ ಎನ್ನುತ್ತಾರೆ. ಎರಡು ಸಲ ಹಾಗಾದರೆ ಮೂರನೆಯ ಸಭೆಗೆ ಬರುವವರು ಗುತ್ತಿಗೆದಾರರು ಮಾತ್ರ.

ನನ್ನನ್ನು ಕೇಳಿದರೆ ಸಭಾಂಗಣದಲ್ಲಿ ಬೆಳಿಗ್ಗೆ 11ಕ್ಕೆ ಸಭೆ ಇಡುವುದನ್ನು ಮೊದಲು ನಿಲ್ಲಿಸಬೇಕು. ಆ ಹೊತ್ತಿಗೆ ಕೂಲಿಯವರು ಹೊಲದಲ್ಲಿರುತ್ತಾರೆ, ಅಂಗಡಿಯವರು ಗಲ್ಲಾಪೆಟ್ಟಿಗೆಯ ಮುಂದಿರುತ್ತಾರೆ. ಸಂತೆಯ ದಿನ ಬಸ್ ನಿಲ್ದಾಣದಲ್ಲಿ ಪಟ್ಟಣದ ದೊಡ್ಡ ನಕ್ಷೆ ಹಾಸಲಿ. ತರಕಾರಿ ಎಲ್ಲಿ ಇಳಿಸುತ್ತೀರಿ, ಹೆಂಗಸರು ಶೌಚಕ್ಕೆ ಎಲ್ಲಿ ಹೋಗುತ್ತೀರಿ, ಕೊನೆಯ ಬಸ್ ತಪ್ಪಿದರೆ ರಾತ್ರಿ ಎಲ್ಲಿ ತಂಗುತ್ತೀರಿ ಎಂದು ಕೇಳಿ ಅಲ್ಲೇ ಗುರುತು ಹಾಕಿಸಲಿ. ಅಕ್ಷರ ಬಾರದವರೂ ಬೆರಳಿಟ್ಟು ತೋರಿಸಬಲ್ಲರು. ಹಾಡಿಗಳಿಗೆ ಅಧಿಕಾರಿಗಳೇ ಹೋಗಬೇಕು, ಅದೂ ಕಾಫಿ ಕೊಯ್ಲು ಮುಗಿದ ಮೇಲೆ. ಶುಂಠಿ ಗುತ್ತಿಗೆದಾರರನ್ನು ಕರೆದರೆ ಕೆಲವರು ಮುನಿಸಿಕೊಳ್ಳಬಹುದು, ಮಣ್ಣು ಹಾಳು ಮಾಡಿದರು ಎಂಬ ಸಿಟ್ಟು ಇಲ್ಲಿದೆ. ಆ ಜಗಳ ಚಹಾ ಅಂಗಡಿಯಲ್ಲಿ ನಡೆಯುವುದಕ್ಕಿಂತ ನಕ್ಷೆಯ ಮುಂದೆ ನಡೆಯುವುದು ಮೇಲು.

ಮುಂದಿನ ವರ್ಷ ಅದೇ ಜಾಗದಲ್ಲಿ ಒಂದು ಫಲಕ ನಿಲ್ಲಿಸಲಿ: ಕೇಳಿದ್ದು ಇಷ್ಟು, ಮಾಡಿದ್ದು ಇಷ್ಟು, ಉಳಿದದ್ದು ಈ ಕಾರಣಕ್ಕೆ ಆಗಲಿಲ್ಲ. ಅದನ್ನು ಓದಿದ ಮೇಲೆಯೇ ಹೊಸ ಬೇಡಿಕೆ ಬರೆಸಿಕೊಳ್ಳಲಿ.