ಆರ್ಕಿಯಾದ ಕ್ರೊಮಾಟಿನ್ ಜೆಲ್‌ನಲ್ಲಿ ಮಸುಕಾಗಿ ಕಾಣುವುದೇಕೆ?

ಪ್ರಶ್ನೆ: ಡಿಎನ್‌ಎ ಕತ್ತರಿಸುವ ಕಿಣ್ವವಾದ ಮೈಕ್ರೊಕಾಕಲ್ ನ್ಯೂಕ್ಲಿಯೇಸ್‌ನಿಂದ ಯೀಸ್ಟಿನ ಕ್ರೊಮಾಟಿನ್ (ಡಿಎನ್‌ಎ ಮತ್ತು ಅದನ್ನು ಮಡಚುವ ಪ್ರೋಟೀನ್‌ಗಳ ಕೂಟ) ಕತ್ತರಿಸಿ, ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ 1% ಅಗರೋಸ್ ಜೆಲ್‌ನಲ್ಲಿ ಓಡಿಸಿದಾಗ ಏಣಿಯಂತೆ ಪಟ್ಟಿಗಳು ಬಂದವು. ಥರ್ಮೊಕಾಕಸ್ ಕೊಡಕರೆನ್ಸಿಸ್ ಎಂಬ ಆರ್ಕಿಯಾದಲ್ಲಿ (ಬ್ಯಾಕ್ಟೀರಿಯಾದಿಂದ ಬೇರೆಯೇ ಆದ ಏಕಕೋಶ ಜೀವಿಗಳ ಗುಂಪು) ಬರೀ ಮಸುಕು. ನ್ಯೂಕ್ಲಿಯಸ್ಸೇ ಇಲ್ಲದ ಈ ಜೀವಿಗೆ ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನಾದ ಹಿಸ್ಟೋನ್ ನಿಜಕ್ಕೂ ಇದೆಯೇ?

ಉತ್ತರ: ಇದೆ, ಒಂದಲ್ಲ, ಎರಡು ಬಗೆ. ತಪ್ಪಿರುವುದು ಬಹುಶಃ ನಿಮ್ಮ ಜೆಲ್.

ಯೀಸ್ಟಿನ ನ್ಯೂಕ್ಲಿಯೋಸೋಮ್‌ನಲ್ಲಿ (ಕ್ರೊಮಾಟಿನ್‌ನ ಒಂದು ಮಣಿ) ಎಂಟು ಹಿಸ್ಟೋನ್‌ಗಳ ಸುತ್ತ 147 ಬೇಸ್ ಜೋಡಿ (ಡಿಎನ್‌ಎ ಉದ್ದದ ಅಳತೆ) ಡಿಎನ್‌ಎ ಸುತ್ತಿರುತ್ತದೆ, ಹಿಸ್ಟೋನ್ ಸಂಖ್ಯೆ ಎಂಟಕ್ಕೆ ನಿಂತುಬಿಡುತ್ತದೆ. ಆರ್ಕಿಯಾದಲ್ಲಿ ಹಿಸ್ಟೋನ್ ಜೋಡಿಗಳು ಒಂದರ ಪಕ್ಕ ಒಂದು ಸೇರುತ್ತ ಸ್ಪ್ರಿಂಗಿನಂತೆ ಉದ್ದವಾಗುತ್ತವೆ, ನಿಗದಿತ ಕೊನೆಯಿಲ್ಲ. ಪ್ರತಿ ಹಿಸ್ಟೋನ್ ಜೋಡಿ ಸುಮಾರು 30 ಬೇಸ್ ಜೋಡಿ ಡಿಎನ್‌ಎಯನ್ನು ಕಿಣ್ವದಿಂದ ಕಾಯುವುದರಿಂದ ಪಟ್ಟಿಗಳು 60, 90, 120, 150 ಎಂದು ಬರಬೇಕು. 1% ಅಗರೋಸ್ ಇಷ್ಟು ಚಿಕ್ಕ ಅಂತರವನ್ನು ಬಿಡಿಸಲಾರದು. 3% ಅಗರೋಸ್ ಬಳಸಿ. 6–8% ಪಾಲಿಅಕ್ರಿಲಮೈಡ್ ಆದರೆ ಇನ್ನೂ ಒಳ್ಳೆಯದು.

ಕಿಣ್ವವನ್ನು ಒಂದೇ ಪ್ರಮಾಣದಲ್ಲಿ ಹಾಕಿ ನೋಡಬೇಡಿ. ಎರಡರಷ್ಟು ಇಳಿಸುತ್ತ ಐದಾರು ಟ್ಯೂಬ್ ಇಡಿ. ಹೆಚ್ಚಾದರೆ ಮೇಲಿನ ಪಟ್ಟಿಗಳೆಲ್ಲ ಕರಗಿ 60ರ ಬಳಿ ರಾಶಿಬೀಳುತ್ತವೆ. ಈ ಕಿಣ್ವಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು, 2–5 ಮಿಲಿಮೋಲಾರ್. ಕೋಶ ಒಡೆಯುವ ಬಫರ್‌ನಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಉಳಿದಿದ್ದರೆ ಕೆಲಸವೇ ಆಗದು. ನಿಲ್ಲಿಸುವಾಗ ಮಾತ್ರ 20 ಮಿಲಿಮೋಲಾರ್ ಇಡಿಟಿಎ ಸೇರಿಸಿ. ಪ್ರೋಟೀನ್ ತೆಗೆದ ಬರಿಯ ಡಿಎನ್‌ಎಯನ್ನೂ ಜೊತೆಗೇ ಕತ್ತರಿಸಿ: ಕಿಣ್ವಕ್ಕೆ ಎ-ಟಿ ಜಾಗಗಳ ಮೇಲೆ ಒಲವು ಹೆಚ್ಚು, ಇದನ್ನು ಹೋಲಿಸದೆ ಯಾವ ಪಟ್ಟಿಯನ್ನೂ ನಂಬಬಾರದು.

ವಿಕಾಸದ ದೃಷ್ಟಿಯಿಂದ ಸ್ವಾರಸ್ಯವಿರುವುದು ಹಿಸ್ಟೋನ್‌ನಿಂದ ಹೊರಚಾಚುವ ಎಳೆಯಲ್ಲಿ, ಅಂದರೆ ಬಾಲದಲ್ಲಿ. ನಮ್ಮ ಹಿಸ್ಟೋನ್‌ಗಳ ಬಾಲಕ್ಕೆ ಅಸಿಟೈಲ್, ಮೀಥೈಲ್ ಗುಂಪು ಅಂಟಿಸಿ ಜೀನ್ ನಿಯಂತ್ರಿಸಲಾಗುತ್ತದೆ. ಆರ್ಕಿಯಾದ ಬಹುತೇಕ ಹಿಸ್ಟೋನ್‌ಗಳಿಗೆ ಬಾಲವೇ ಇಲ್ಲ. ಆದರೆ ಜೀನನ್ನು ಆರ್‌ಎನ್‌ಎಗೆ ನಕಲಿಸುವ ಯಂತ್ರ ಮಾತ್ರ ನಮ್ಮದಕ್ಕೆ ಹತ್ತಿರದ್ದು: ಟಾಟಾ ಪೆಟ್ಟಿಗೆ (TATA, ಜೀನ್ ಆರಂಭದ ಬಳಿಯ ಡಿಎನ್‌ಎ ಗುರುತು) ಮೇಲೆ ಟಿಬಿಪಿ ಎಂಬ ಪ್ರೋಟೀನ್ ಕೂರುತ್ತದೆ, ಟಿಎಫ್‌ಬಿ ಎಂಬ ಇನ್ನೊಂದು ಪ್ರೋಟೀನ್ ಜೊತೆಗೂಡುತ್ತದೆ, ಬಳಿಕ ನಮ್ಮ ಎರಡನೇ ಪಾಲಿಮರೇಸ್ (Pol II) ಹೋಲುವ, ನಕಲು ಮಾಡುವ ಕಿಣ್ವವಾದ ಪಾಲಿಮರೇಸ್ ಬರುತ್ತದೆ. ಹಿಸ್ಟೋನ್ ಅದರ ಓಟ ನಿಧಾನಿಸುತ್ತದೆ. ಟಿಎಫ್‌ಎಸ್, ಎಸ್‌ಪಿಟಿ4 ಎಂಬ ಸಹಾಯಕರು ವೇಗ ಕೊಡುತ್ತಾರೆ.

ಮುಂದೆ ಸಲ್ಫೋಲೋಬಸ್ ಎಂಬ ಇನ್ನೊಂದು ಆರ್ಕಿಯಾ ಪ್ರಯತ್ನಿಸುವ ಯೋಚನೆಯಿದ್ದರೆ, ಅಲ್ಲಿ ಹಿಸ್ಟೋನ್ ಏಣಿ ಹುಡುಕಬೇಡಿ. ಅದರ ಡಿಎನ್‌ಎ ಮಡಚುವುದು ಆಲ್ಬಾ, ಕ್ರೆನ್7ನಂಥ ಬೇರೆ ಪ್ರೋಟೀನ್‌ಗಳು.