ರೋಡ್‌ಶೋ ಥಿಯೇಟರ್ ಹಿಸ್ಟರಿ ಬೇಕಾ, ಮೊದ್ಲು ಪೇಪರ್ ಜಾಹೀರಾತು ನೋಡಿ

ಅಮೆರಿಕದ ಹಳೇ ಸಿನೆರಾಮಾ (ಮೂರು ಪ್ರೊಜೆಕ್ಟರ್‌ನಿಂದ ಒಂದೇ ಬಾಗಿದ ದೊಡ್ಡ ಪರದೆ ತುಂಬೋ ಪದ್ಧತಿ), 70 ಎಂಎಂ (ಮಾಮೂಲಿ 35 ಎಂಎಂಗಿಂತ ಅಗಲದ ಫಿಲ್ಮ್) ಥಿಯೇಟರ್‌ಗಳು, ಆಗಿನ ರೋಡ್‌ಶೋ ಬಗ್ಗೆ ರಿಸರ್ಚ್ ಎಲ್ಲಿಂದ ಶುರು ಮಾಡ್ಲಿ ಅಂತ ಕೇಳಿದೀರ. ಆ ಊರಿನ ಆಗಿನ ದಿನಪತ್ರಿಕೆಗಳ ಸಿನಿಮಾ ಜಾಹೀರಾತಿನಿಂದ ಶುರು ಮಾಡಿ. ಪುಸ್ತಕಗಳಲ್ಲಿ ಹೀರೋ, ಡೈರೆಕ್ಟರ್ ಕತೆನೇ ಜಾಸ್ತಿ, ಯಾವ ಹಾಲಲ್ಲಿ ಯಾವ ಮೆಷಿನ್ ಮೇಲೆ ಓಡ್ತು ಅನ್ನೋದು ಸಿಗೋದು ಕಮ್ಮಿ.

ರೋಡ್‌ಶೋ ಅಂದ್ರೆ ದೊಡ್ಡ ಪರದೆ ಅಂದ್ಕೋಬೇಡಿ, ಅದು ಟಿಕೆಟ್ ಮಾರೋ ರೀತಿ. ನಾಟಕದ ಥರ ಸೀಟ್ ನಂಬರ್ ಹಾಕಿ ಅಡ್ವಾನ್ಸ್ ಬುಕಿಂಗ್, ದಿನಕ್ಕೆ ಸಾಮಾನ್ಯವಾಗಿ ಎರಡೇ ಶೋ, ರೇಟ್ ಜಾಸ್ತಿ, ಸಿನಿಮಾಗೆ ಮುಂಚೆ ಓವರ್ಚರ್ ಮ್ಯೂಸಿಕ್, ಮಧ್ಯೆ ಇಂಟರ್ವಲ್ (ನಮಗಿದು ಮಾಮೂಲಿ, ಅಲ್ಲಿ ಎಲ್ಲಾ ಸಿನಿಮಾಗೂ ಇರ್ತಿರ್ಲಿಲ್ಲ). ಜಾಹೀರಾತಿನ ಮೂಲೇಲಿ ಕತ್ತರಿಸಿ ಕಳ್ಸೋ ಕೂಪನ್ ಇರುತ್ತೆ ನೋಡಿ: ಯಾವ ತಾರೀಕು, ಅದು ಸಿಗದಿದ್ರೆ ಇನ್ಯಾವ್ದು, ಮ್ಯಾಟಿನಿನೋ ರಾತ್ರಿನೋ, ಎಷ್ಟು ಸೀಟ್, ಜೊತೆಗೆ ಸ್ಟಾಂಪ್ ಹಚ್ಚಿದ ಕವರ್ ಇಡಿ ಅಂತ. ಕೂಪನ್ ಕಂಡ್ರೆ ರೋಡ್‌ಶೋ ಅಂತ ಧೈರ್ಯವಾಗಿ ಬರ್ಕೊಳ್ಳಿ. ಆಮೇಲೆ ಅದೇ ಚಿತ್ರಕ್ಕೆ 'ಪಾಪ್ಯುಲರ್ ಪ್ರೈಸಸ್' (ಅಂದ್ರೆ ಮಾಮೂಲಿ ರೇಟ್) ಅಂತ ಬಂದ್ರೆ ಅಲ್ಲಿಗೆ ರೋಡ್‌ಶೋ ಮುಗೀತು, ಎಷ್ಟೋ ಸಲ ಸಿನಿಮಾನೂ ಕತ್ತರಿ ಹಾಕಿಸ್ಕೊಂಡು ಚಿಕ್ಕದಾಗಿರುತ್ತೆ.

ಇನ್ನೊಂದು ನೋಡ್ಬೇಕಾದ್ದು ಸೀಟ್ ಲೆಕ್ಕ. ಸಿನೆರಾಮಾ ಮೊದಲು ಬಂದಿದ್ದು 1952 ಸೆಪ್ಟೆಂಬರ್ 30, ನ್ಯೂಯಾರ್ಕಿನ ಬ್ರಾಡ್‌ವೇ ಥಿಯೇಟರ್‌ನಲ್ಲಿ. ಮೂರು ಪ್ರೊಜೆಕ್ಟರ್ ಒಟ್ಟಿಗೆ ಓಡ್ಬೇಕು, ಸೆಕೆಂಡಿಗೆ 26 ಫ್ರೇಮ್, ಒಂದ್ರಲ್ಲಿ ಫಿಲ್ಮ್ ಹರಿದ್ರೆ ಹೋದಷ್ಟೇ ಉದ್ದ ಕಪ್ಪು ಫಿಲ್ಮ್ ಅಂಟಿಸ್ಬೇಕು, ಇಲ್ಲಾಂದ್ರೆ ಮೂರೂ ತಾಳ ತಪ್ಪುತ್ತೆ. ಪರದೆನೂ ಒಂದೇ ಬಟ್ಟೆ ಅಲ್ಲ, ಉದ್ದುದ್ದ ಪಟ್ಟಿಗಳು, ಯಾಕಂದ್ರೆ ಅಷ್ಟು ಬಾಗಿದ ಪರದೆಯ ಒಂದು ಕಡೆ ಬೆಳಕು ಇನ್ನೊಂದು ಕಡೆ ಬಡಿದು ಚಿತ್ರ ಪೇಲವ ಆಗುತ್ತೆ. ಇದಕ್ಕೆಲ್ಲ ಜಾಗ ಮಾಡೋಕೆ ಹಳೇ ಹಾಲ್‌ಗಳಲ್ಲಿ ಸಾಲುಗಟ್ಟಲೆ ಸೀಟ್ ಕಿತ್ತಿದಾರೆ, ಹಾಗಾಗಿ ಟ್ರೇಡ್ ಪತ್ರಿಕೆಗಳಲ್ಲಿ (ಸಿನಿಮಾ ವ್ಯಾಪಾರದವರಿಗೆ ಬರ್ತಿದ್ದ ಪತ್ರಿಕೆಗಳು) ಒಂದು ಹಾಲಿನ ಸೀಟ್ ಸಂಖ್ಯೆ ದಿಢೀರ್ ಅಂತ ಇಳಿದಿದ್ರೆ ಆ ವರ್ಷ ಏನಾಯ್ತು ಅಂತ ಹುಡುಕಿ. 'ಮೋಷನ್ ಪಿಕ್ಚರ್ ಹೆರಾಲ್ಡ್' ಥರದ ಪತ್ರಿಕೆಗಳ ಸ್ಕ್ಯಾನ್ ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ ಅನ್ನೋ ಆನ್‌ಲೈನ್ ಸಂಗ್ರಹದಲ್ಲಿ ಫ್ರೀಯಾಗಿ ಸಿಗುತ್ತೆ.

ಬೋರ್ಡ್ ಮೇಲಿನ ಹೆಸರು ಮಾತ್ರ ನಂಬ್ಬೇಡಿ. 1963 ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಿನೆರಾಮಾ ಡೋಮ್ ಓಪನ್ ಆದಾಗ ಅಲ್ಲಿ ಓಡಿದ್ದು ಒಂದೇ ಪ್ರೊಜೆಕ್ಟರ್‌ನ 70 ಎಂಎಂ, ಹೆಸರಷ್ಟೇ ಸಿನೆರಾಮಾ. ನಮ್ಮಲ್ಲೂ ಅಷ್ಟೇ, 1975ರ 'ಶೋಲೆ' 35 ಎಂಎಂ ಫಿಲ್ಮ್‌ನಲ್ಲಿ ತೆಗೆದು 70 ಎಂಎಂಗೆ ಹಿಗ್ಗಿಸಿದ್ದು. ಮುಂದೆ ಬೆಂಗಳೂರಿನ ಕಪಾಲಿ ಥರದ ದೊಡ್ಡ ಹಾಲ್‌ಗಳನ್ನ ಹಿಡ್ಕೊಂಡ್ರೂ ಹಳೇ ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಜಾಹೀರಾತೇ ಮೊದ್ಲು ತೆಗೀರಿ.